ಒದ್ದೆ ಧಾನ್ಯ ಮೇಲಿರಲಿ

(ಮೊಹಲ್ಲಾ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನನಗೆ ವಹಿಸಲಾದ ವಿಷಯ ‘ಆಹಾರ ಮತ್ತು ಆರೋಗ್ಯ’. ಸಾಮಾನ್ಯವಾಗಿ ಇಂತಹ ವಿಷಯವನ್ನು ವೈದ್ಯರಿಗೆ ವಹಿಸುತ್ತಾರೆ. ನಾನು ವೈದ್ಯನಲ್ಲ. ಮದ್ರಸದಲ್ಲಿ ಕಲಿತು ಪತ್ರಿಕೋದ್ಯಮಕ್ಕೆ ಬಂದವನು. ಆದ್ದರಿಂದ ಯಾವ ಕಾಯಿಲೆಗೆ ಯಾವ ಪಥ್ಯ ಎಂಬುದನ್ನು ನಾನು ಹೇಳಹೊರಡುವುದಿಲ್ಲ. ನಾನು ಎತ್ತಬಯಸುವ ಪ್ರಶ್ನೆ ಬೇರೆಯದು. ನಮ್ಮ ಮಕ್ಕಳ ತಟ್ಟೆಗೆ ಏನು ಬರಬೇಕೆಂದು ನಿರ್ಧರಿಸುವವರು ಯಾರು? ತಾಯಿಯೇ? ತಂದೆಯೇ? ಅಥವಾ ಮಾರುಕಟ್ಟೆಯೇ? ಮಾರುಕಟ್ಟೆ ಎಂದಾದರೆ ಅದು ಕೇವಲ ವೈದ್ಯರ ವಿಷಯವಾಗಿ ಉಳಿಯುವುದಿಲ್ಲ. ಮಾರುಕಟ್ಟೆಯ ಬಗ್ಗೆ ನಮ್ಮ ಧರ್ಮಕ್ಕೆ ಹೇಳಲು ಬಹಳವಿದೆ.

ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ವರದಿ ಮಾಡಿರುವ ಒಂದು ಪ್ರಸಂಗ ನಿಮಗೆಲ್ಲ ಗೊತ್ತಿರುವಂತಹದ್ದು. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಸಾಗುತ್ತಿದ್ದಾಗ ಒಂದು ಧಾನ್ಯದ ರಾಶಿಯನ್ನು ಕಂಡರು. ಮೇಲಿಂದ ನೋಡಲು ಒಣಗಿದ, ಚೆಂದದ ಧಾನ್ಯ. ಅವರು ರಾಶಿಯೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಾಗಿತು. ಇದೇನೆಂದು ವ್ಯಾಪಾರಿಯನ್ನು ವಿಚಾರಿಸಿದಾಗ ಮಳೆಗೆ ನೆನೆಯಿತೆಂದು ಆತ ಉತ್ತರಿಸಿದ. ಹಾಗಾದರೆ ಜನರಿಗೆ ಕಾಣುವಂತೆ ಆ ಒದ್ದೆ ಧಾನ್ಯವನ್ನು ಮೇಲ್ಭಾಗದಲ್ಲಿ ಇಡಬಾರದಿತ್ತೇ ಎಂದು ಪ್ರವಾದಿ(ಸ) ಕೇಳಿದರು. ವಂಚಿಸುವವನು ತನ್ನವನಲ್ಲ ಎಂದು ಎಚ್ಚರಿಸಿದರು.

ಈ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಧಾನ್ಯ ಹರಾಮ್ ಆಗಿರಲಿಲ್ಲ. ಮಳೆ ಆತನ ಅಪರಾಧವೂ ಆಗಿರಲಿಲ್ಲ. ಕೇಳಿದಾಗ ಆತ ಸತ್ಯವನ್ನೇ ಹೇಳಿದ. ಆತನ ತಪ್ಪು ಒಂದೇ: ಗ್ರಾಹಕನಿಗೆ ತಿಳಿಯಬೇಕಾದ ಸಂಗತಿಯನ್ನು ಕೆಳಗಿಟ್ಟು, ಕಣ್ಣಿಗೆ ಹಿತವಾದುದನ್ನು ಮೇಲಿಟ್ಟ. ಇಂದು ಅಂಗಡಿಯಿಂದ ನೀವು ತರುವ ಯಾವುದೇ ಬಣ್ಣಬಣ್ಣದ ಪೊಟ್ಟಣವನ್ನು ಕೈಗೆತ್ತಿಕೊಳ್ಳಿ. ಮುಂಭಾಗದಲ್ಲಿ ಹಾಲಿನ ಹೊಳೆ, ಗೋಧಿಯ ತೆನೆ, ಓಡುವ ಮಗುವಿನ ಚಿತ್ರ. ಹಿಂಭಾಗದಲ್ಲಿ, ಮಡಿಕೆಯ ಕೆಳಗೆ, ಇರುವೆ ಗಾತ್ರದ ಅಕ್ಷರಗಳಲ್ಲಿ ಸಕ್ಕರೆ, ತಾಳೆ ಎಣ್ಣೆ, ಉಪ್ಪಿನ ಲೆಕ್ಕ. ಒಣ ಧಾನ್ಯ ಮೇಲೆ, ಒದ್ದೆ ಧಾನ್ಯ ಕೆಳಗೆ.

ಮದ್ರಸದಲ್ಲಿ ಫಿಕ್ಹ್ ಗ್ರಂಥಗಳ ವ್ಯಾಪಾರದ ಅಧ್ಯಾಯವನ್ನು ಓದುವಾಗ ‘ತಸ್‌ರಿಯಾ’ ಎಂಬ ಪದ ಎದುರಾಗುತ್ತದೆ. ಆಡು ಅಥವಾ ಒಂಟೆಯನ್ನು ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿ ಕಾಣುವಂತೆ ಮಾಡುವುದಕ್ಕೆ ಈ ಹೆಸರು. ಕೊಳ್ಳುವವನು ಇದು ದಿನವೂ ಇಷ್ಟೇ ಹಾಲು ಕೊಡುತ್ತದೆಂದು ಭಾವಿಸುತ್ತಾನೆ. ಪ್ರವಾದಿ(ಸ) ಇದನ್ನು ನಿಷೇಧಿಸಿದರು ಮತ್ತು ಮೋಸ ಹೋದ ಗ್ರಾಹಕನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನು ಕೊಟ್ಟರು. ಗಮನಿಸಿ, ಇಲ್ಲಿ ಮಾರಾಟಗಾರ ಬಾಯಿಯಿಂದ ಒಂದು ಮಾತನ್ನೂ ಆಡಿಲ್ಲ. ತುಂಬಿದ ಕೆಚ್ಚಲೇ ಜಾಹೀರಾತು. ವಿದ್ಯಾರ್ಥಿಯಾಗಿದ್ದಾಗ ಇದು ಅರಬರ ಮರುಭೂಮಿಯ ಹಳೆಯ ವಿಷಯವೆಂದು ನಮಗನಿಸುತ್ತಿತ್ತು. ಇಂದಿನ ಜಾಹೀರಾತು ಉದ್ಯಮವನ್ನು ನೋಡಿದರೆ ಅದಕ್ಕಿಂತ ಹೊಸ ವಿಷಯ ಇನ್ನೊಂದಿಲ್ಲ.

ಹಲಾಲ್‌ನೊಂದಿಗೆ ತಯ್ಯಿಬ್

ಪವಿತ್ರ ಕುರ್‌ಆನ್ ಆಹಾರದ ಬಗ್ಗೆ ಮಾತನಾಡುವಾಗ ಅಲ್‌ಬಕರ ಅಧ್ಯಾಯದಲ್ಲಿ ಎರಡು ಪದಗಳನ್ನು ಜೊತೆಜೊತೆಯಾಗಿ ಇರಿಸಿದೆ: ಹಲಾಲ್ ಮತ್ತು ತಯ್ಯಿಬ್. ಮೊದಲನೆಯದು ಅನುಮತಿಸಲ್ಪಟ್ಟದ್ದು. ಎರಡನೆಯದು ಶುದ್ಧವೂ ಉತ್ತಮವೂ ಹಿತಕರವೂ ಆದದ್ದು. ಅಲ್ಲಿ ಸಂಬೋಧನೆ ಮುಸ್ಲಿಮರಿಗೆ ಮಾತ್ರವಲ್ಲ, ಇಡೀ ಮನುಕುಲಕ್ಕೆ. ಅಂದರೆ ಹಿತಕರ ಆಹಾರವು ಮನುಷ್ಯ ಮಾತ್ರರ ಹಕ್ಕು. ಆದರೆ ನಮ್ಮ ಸಮುದಾಯದ ನಿತ್ಯದ ಮಾತುಕತೆಯಲ್ಲಿ ಮೊದಲ ಪದ ಉಳಿಯಿತು, ಎರಡನೆಯದು ಕಣ್ಮರೆಯಾಯಿತು.

ಇದಕ್ಕೆ ರಾಜಕೀಯವೂ ಕಾರಣವೆಂಬುದನ್ನು ಒಪ್ಪಬೇಕು. 2022ರ ಯುಗಾದಿಯ ಸಂದರ್ಭದಲ್ಲಿ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ಬಹಿಷ್ಕಾರಕ್ಕೆ ಕರೆ ನೀಡಲಾಯಿತು. 2023ರ ನವೆಂಬರ್‌ನಲ್ಲಿ ಉತ್ತರ ಪ್ರದೇಶ ಸರಕಾರವು ರಫ್ತನ್ನು ಹೊರತುಪಡಿಸಿ ಹಲಾಲ್ ಪ್ರಮಾಣಪತ್ರವಿರುವ ಉತ್ಪನ್ನಗಳನ್ನು ನಿಷೇಧಿಸಿತು. ತನ್ನ ಊಟದ ಪದ್ಧತಿಯನ್ನೇ ಅಪರಾಧವೆಂಬಂತೆ ಬಿಂಬಿಸಿದಾಗ ಯಾವ ಸಮುದಾಯವಾದರೂ ಅದರ ರಕ್ಷಣೆಗೆ ನಿಲ್ಲುತ್ತದೆ, ನಿಲ್ಲಲೇಬೇಕು. ಇಷ್ಟಪಟ್ಟದ್ದನ್ನು ತಿನ್ನುವುದು ಪ್ರಜೆಯ ಹಕ್ಕು. ಆದರೆ ಈ ಗದ್ದಲದಲ್ಲಿ ಹಲಾಲ್ ಎಂಬ ವಿಶಾಲ ಪರಿಕಲ್ಪನೆಯು ಒಂದು ಚೂರಿ ಮತ್ತು ಒಂದು ಮೊಹರಿಗೆ ಸೀಮಿತಗೊಂಡಿತು. ಚಾಕೊಲೇಟಿನಲ್ಲಿ ಹಂದಿಯ ಕೊಬ್ಬಿನ ಅಂಶವಿದೆಯೇ ಎಂದು ಸಂಕೇತ ಸಂಖ್ಯೆಗಳನ್ನು ಹುಡುಕುವ ಎಚ್ಚರ ನಮ್ಮಲ್ಲಿದೆ. ಅದು ಒಳ್ಳೆಯದೇ. ಆದರೆ ಅದೇ ಚಾಕೊಲೇಟಿನಲ್ಲಿ ಎಷ್ಟು ಚಮಚ ಸಕ್ಕರೆಯಿದೆ, ಅದನ್ನು ದಿನಕ್ಕೆರಡು ತಿನ್ನುವ ಆರು ವರ್ಷದ ಮಗುವಿನ ಗತಿಯೇನು ಎಂಬ ಪ್ರಶ್ನೆ ನಮ್ಮನ್ನು ಕಾಡುವುದಿಲ್ಲ.

‘ಆರೋಗ್ಯ ಪೇಯ’ದ ಕಥೆ

ಕಳೆದ ಕೆಲವು ವರ್ಷಗಳ ಮೂರು ಘಟನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಹಾಲಿಗೆ ಬೆರೆಸುವ ಪುಡಿಯದ್ದು. ನಮ್ಮ ಪಟ್ಟಣಗಳ ಮಧ್ಯಮ ವರ್ಗದ ಮನೆಗಳಲ್ಲಿ ಇಂತಹ ಒಂದು ಡಬ್ಬಿ ಇಲ್ಲದಿರುವುದು ಅಪರೂಪ. ಮಗು ಎತ್ತರವಾಗುತ್ತದೆ, ಬಲಶಾಲಿಯಾಗುತ್ತದೆ, ಚುರುಕಾಗುತ್ತದೆ ಎಂದು ದಶಕಗಳಿಂದ ಟಿವಿ ಹೇಳುತ್ತಾ ಬಂದಿದೆ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಬೋರ್ನ್‌ವೀಟಾ ಪೊಟ್ಟಣದ ಹಿಂಭಾಗವನ್ನು ಓದಿ, ಅದರಲ್ಲಿರುವ ಸಕ್ಕರೆಯ ಪ್ರಮಾಣದ ಬಗ್ಗೆ ಒಂದು ವೀಡಿಯೊ ಪ್ರಕಟಿಸಿದರು. ಕಂಪೆನಿಯಿಂದ ಕಾನೂನು ನೋಟೀಸು ಬಂತು. ಅವರು ವೀಡಿಯೊವನ್ನು ಹಿಂತೆಗೆದರು. ಆದರೆ ಅಷ್ಟರಲ್ಲಿ ಅದು ಲಕ್ಷಾಂತರ ಮಂದಿಯನ್ನು ತಲುಪಿತ್ತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಕಂಪೆನಿಗೆ ನೋಟೀಸು ನೀಡಿತು. ಅದೇ ವರ್ಷದ ಕೊನೆಗೆ ಕಂಪೆನಿಯು 100 ಗ್ರಾಮ್ ಪುಡಿಯಲ್ಲಿ 37.4 ಗ್ರಾಮ್‌ನಷ್ಟಿದ್ದ ಸೇರಿಸಿದ ಸಕ್ಕರೆಯನ್ನು 32.2 ಗ್ರಾಮ್‌ಗೆ ಇಳಿಸಿತು. ಕಡಿಮೆ ಮಾಡಲು ಸಾಧ್ಯವಿತ್ತೆಂದರೆ ಅಷ್ಟು ವರ್ಷ ಏಕೆ ಮಾಡಲಿಲ್ಲ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತಾಯಿಗೂ ಇದೆ.

ನ್ಯಾಯವಾಗಿ ಕಂಪೆನಿಯ ಮಾತನ್ನೂ ಹೇಳಬೇಕು. 20 ಗ್ರಾಮ್‌ನ ಒಂದು ಬಾರಿಯ ಬಳಕೆಯಲ್ಲಿ ಸೇರಿಸಿದ ಸಕ್ಕರೆ ಏಳೂವರೆ ಗ್ರಾಮ್ ಮಾತ್ರ, ಅದು ದಿನದ ಮಿತಿಯೊಳಗೇ ಇದೆ ಎಂಬುದು ಅದರ ವಾದವಾಗಿತ್ತು. ಲೆಕ್ಕ ಸರಿಯೇ. ಆದರೆ ನಮ್ಮ ಮನೆಗಳಲ್ಲಿ ಮಗು ದಿನಕ್ಕೆ ಒಂದೇ ಲೋಟ ಕುಡಿಯುವುದಿಲ್ಲ. ತಾಯಿ ಮೇಲಿಂದ ಇನ್ನೊಂದು ಚಮಚ ಸಕ್ಕರೆ ಹಾಕುತ್ತಾಳೆ. ಜೊತೆಗೆ ಬಿಸ್ಕತ್ತು, ಸಂಜೆಗೆ ತಂಪು ಪಾನೀಯ. ವಿಶ್ವ ಆರೋಗ್ಯ ಸಂಸ್ಥೆಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಹೆಚ್ಚು ಸೇರಿಸಿದ ಸಕ್ಕರೆಯಿಂದ ಬರಬಾರದು, ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದಿದೆ. ದೊಡ್ಡವರ ಲೆಕ್ಕದಲ್ಲಿ ಈ ಶೇ. 5 ಎಂದರೆ ಸುಮಾರು 25 ಗ್ರಾಮ್, ಆರು ಚಮಚ. ಮಕ್ಕಳಿಗೆ ಅದಕ್ಕಿಂತ ಕಡಿಮೆ. 300 ಮಿಲಿಲೀಟರ್‌ನ ಒಂದು ಕೋಲಾ ಬಾಟಲಿಯೊಂದೇ ಆ ಮಿತಿಯನ್ನು ದಾಟಿಸಿಬಿಡುತ್ತದೆ.

2024ರ ಏಪ್ರಿಲ್‌ನಲ್ಲಿ ಒಂದು ಸ್ವಾರಸ್ಯಕರ ಸಂಗತಿ ಹೊರಬಿತ್ತು. ‘ಆರೋಗ್ಯ ಪೇಯ’ ಎಂಬ ಪದಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಅರ್ಥ ನಿರೂಪಣೆಯೇ ಇರಲಿಲ್ಲ! ಆಹಾರ ಸುರಕ್ಷತಾ ಪ್ರಾಧಿಕಾರವು ಆನ್‌ಲೈನ್ ಮಾರಾಟ ತಾಣಗಳಿಗೆ ಇಂತಹ ಪುಡಿಗಳನ್ನು ಆ ಶೀರ್ಷಿಕೆಯಡಿ ಮಾರಬಾರದೆಂದು ಸೂಚಿಸಿತು. ಕೇಂದ್ರ ವಾಣಿಜ್ಯ ಸಚಿವಾಲಯವೂ ಅದನ್ನೇ ಹೇಳಿತು. ಎರಡು ತಲೆಮಾರುಗಳ ತಾಯಂದಿರು ನಂಬಿದ್ದ ಒಂದು ಪದಕ್ಕೆ ಕಾನೂನಿನಲ್ಲಿ ಅಸ್ತಿತ್ವವೇ ಇರಲಿಲ್ಲ. ಅದು ಜಾಹೀರಾತಿನವರು ಕಟ್ಟಿದ ಪದ. ತುಂಬಿದ ಕೆಚ್ಚಲು.

ಎರಡನೆಯ ಘಟನೆ ಇನ್ನೂ ಗಂಭೀರ. ಭೇದಿಯಿಂದ ಬಳಲುವ ಮಗುವಿನ ಪ್ರಾಣ ಉಳಿಸುವ ಓಆರ್‌ಎಸ್ ದ್ರಾವಣ ನಿಮಗೆ ಗೊತ್ತಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆಯ ಈ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು, ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಬಡವರಿಗಾಗಿ ಹುಟ್ಟಿದ ಈ ಔಷಧಿಯ ಹೆಸರನ್ನು ಕೆಲವು ಸಿಹಿ ಪಾನೀಯಗಳು ತಮ್ಮ ಪೊಟ್ಟಣದ ಮೇಲೆ ಬರೆದುಕೊಂಡವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಮ್ ಗ್ಲೂಕೋಸ್ ಇದ್ದರೆ, ಈ ಪಾನೀಯಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು. ಅತಿಯಾದ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಸುಮಾರು ಎಂಟು ವರ್ಷ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ, ನಿಗದಿತ ಸೂತ್ರವಿಲ್ಲದ ಯಾವ ಪಾನೀಯವೂ ಆ ಹೆಸರನ್ನು ಬಳಸಕೂಡದೆಂದು ಪ್ರಾಧಿಕಾರ ಆದೇಶಿಸಿತು. ಸಹೋದರಿಯರು ಇದನ್ನು ನೆನಪಿಡಬೇಕು: ಭೇದಿಯಾದಾಗ ಔಷಧಿ ಅಂಗಡಿಯ ನಿಜವಾದ ಓಆರ್‌ಎಸ್ ಪೊಟ್ಟಣವನ್ನೇ ಕೇಳಿ ಪಡೆಯಿರಿ. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕೊಡಿ, ವೈದ್ಯರನ್ನು ಕಾಣಿ.

ಮೂರನೆಯದು, ಎಳೆಯ ಕೂಸುಗಳ ಆಹಾರದ್ದು. 2024ರ ಏಪ್ರಿಲ್‌ನಲ್ಲಿ ಸ್ವಿಜರ್‌ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆಯು ಮಕ್ಕಳ ಆಹಾರ ಜಾಲದೊಂದಿಗೆ ಸೇರಿ ಒಂದು ವರದಿ ಪ್ರಕಟಿಸಿತು. ಭಾರತದಲ್ಲಿ ಮಾರಾಟವಾಗುತ್ತಿದ್ದ ಸೆರೆಲ್ಯಾಕ್‌ನಲ್ಲಿ ಒಂದು ಬಾರಿಯ ಬಳಕೆಗೆ ಸರಾಸರಿ ಸುಮಾರು 3 ಗ್ರಾಮ್ ಸೇರಿಸಿದ ಸಕ್ಕರೆಯಿತ್ತು. ಅದೇ ಕಂಪೆನಿ ತನ್ನ ತಾಯ್ನಾಡಾದ ಸ್ವಿಜರ್‌ಲೆಂಡಿನಲ್ಲಿ ಮುಖ್ಯವಾಗಿ ಮಾರುವ ಇಂತಹ ಆಹಾರದಲ್ಲಿ ಸಕ್ಕರೆಯೇ ಇರಲಿಲ್ಲ. ತಾನು ಸಕ್ಕರೆಯನ್ನು ಈಗಾಗಲೇ ಕಡಿಮೆ ಮಾಡುತ್ತಾ ಬಂದಿದ್ದೇನೆಂದು ಕಂಪೆನಿ ಹೇಳಿತು. ಅದೇ ವರ್ಷ ಸಂಸ್ಕರಿತ ಸಕ್ಕರೆಯಿಲ್ಲದ ಬಗೆಗಳನ್ನೂ ಘೋಷಿಸಿತು. ಬಿಳಿಯ ಮಗುವಿಗೆ ಒಂದು ನ್ಯಾಯ, ನಮ್ಮ ಮಗುವಿಗೆ ಇನ್ನೊಂದು ನ್ಯಾಯ ಎಂಬುದು ಜಾಗತೀಕರಣದ ನಿಜ ಮುಖವಾಗಿದೆ. ಎದೆಹಾಲಿನ ಬದಲಿಗೆ ಪುಡಿಹಾಲನ್ನು ಬಡ ದೇಶಗಳಲ್ಲಿ ಮಾರಿದ್ದರ ವಿರುದ್ಧ 1977ರಲ್ಲಿ ಆರಂಭವಾದ ಬಹಿಷ್ಕಾರ ಚಳವಳಿಯ ಫಲವಾಗಿಯೇ 1981ರಲ್ಲಿ ಅಂತಾರಾಷ್ಟ್ರೀಯ ಸಂಹಿತೆ ಬಂತು, ನಮ್ಮ ದೇಶದಲ್ಲಿ 1992ರ ಕಾಯ್ದೆ ಬಂತು. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತು ಇಂದು ನಮ್ಮಲ್ಲಿ ಕಾನೂನುಬಾಹಿರವಾಗಿದ್ದರೆ ಅದು ಕಂಪೆನಿಗಳ ಔದಾರ್ಯದಿಂದಲ್ಲ, ಜನರ ಹೋರಾಟದಿಂದ.

ಜಾಹೀರಾತು ಕನ್ನಡದಲ್ಲಿ, ಸತ್ಯ ಇಂಗ್ಲಿಷಿನಲ್ಲಿ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮದು. ಆದರೆ ಇಂದು ಊಟ ಬಲ್ಲವನಾಗಬೇಕಾದರೆ ಇಂಗ್ಲಿಷ್ ಬಲ್ಲವನಾಗಬೇಕು. ಆಹಾರದ ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಇತರ ಭಾಷೆಗಳನ್ನು ಸೇರಿಸಲು ಅನುಮತಿಯಿದೆ, ಕಡ್ಡಾಯವಿಲ್ಲ. ಆದರೆ ಅದೇ ವಸ್ತುವಿನ ಜಾಹೀರಾತನ್ನು ನೋಡಿ! ಎಷ್ಟು ಮುದ್ದಾದ ಕನ್ನಡ! ಎಷ್ಟು ಇಂಪಾದ ಹಾಡು! ಮಾರಬೇಕಾದಾಗ ನಮ್ಮ ತಾಯಿನುಡಿ, ತಿಳಿಸಬೇಕಾದಾಗ ನಮಗೆ ಅರ್ಥವಾಗದ ನುಡಿ. ಕನ್ನಡವನ್ನೋ ಉರ್ದುವನ್ನೋ ಬ್ಯಾರಿಯನ್ನೋ ಮಾತ್ರ ಬಲ್ಲ ಅಜ್ಜಿಗೆ, ಮೊಮ್ಮಗಳ ಕೈಗೆ ತಾನು ಕೊಡುತ್ತಿರುವುದೇನೆಂದು ತಿಳಿಯುವ ದಾರಿಯೇ ಇಲ್ಲ.

ಓದಬಲ್ಲವರಿಗೆ ಎರಡು ಸರಳ ಸೂತ್ರಗಳನ್ನು ಹೇಳುತ್ತೇನೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಆದ್ದರಿಂದ ಮೊದಲ ಮೂರು ಹೆಸರುಗಳನ್ನು ಓದಿದರೆ ಸಾಕು, ನೀವು ಕೊಳ್ಳುತ್ತಿರುವುದೇನೆಂದು ತಿಳಿಯುತ್ತದೆ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ ಅದು ಮೈದಾ ಬಿಸ್ಕತ್ತು. ಮುಂಭಾಗದಲ್ಲಿ ಬಿಂಬಿಸಿದ ಪದಾರ್ಥ ಶೇಕಡಾ ಎಷ್ಟಿದೆಯೆಂದು ಅಲ್ಲೇ ನಮೂದಿಸಿರುತ್ತಾರೆ, ಅದನ್ನು ನೋಡಿ. ಎರಡನೆಯದಾಗಿ, ಸಕ್ಕರೆಗೆ ಹಲವು ವೇಷಗಳಿವೆ. ಲಿಕ್ವಿಡ್ ಗ್ಲೂಕೋಸ್, ಇನ್‌ವರ್ಟ್ ಸಿರಪ್, ಫ್ರಕ್ಟೋಸ್, ಡೆಕ್ಸ್‌ಟ್ರೋಸ್ ಇವೆಲ್ಲವೂ ಸಕ್ಕರೆಯ ಬಂಧುಗಳೇ. ಮಾಲ್ಟೋಡೆಕ್ಸ್‌ಟ್ರಿನ್ ಲೆಕ್ಕದಲ್ಲಿ ಸಕ್ಕರೆಯಲ್ಲದಿದ್ದರೂ ರಕ್ತದಲ್ಲಿ ಸಕ್ಕರೆಯನ್ನು ಏರಿಸುವುದರಲ್ಲಿ ಹಿಂದೆ ಬೀಳುವುದಿಲ್ಲ.

ಇದೆಲ್ಲ ಅತಿಯಾದ ಭಯವಲ್ಲವೇ ಎಂದು ಕೆಲವರಿಗೆ ಅನಿಸಬಹುದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿ ಮಧುಮೇಹಿಗಳು, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಇದೇ ದೇಶದಲ್ಲಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಶೇ. 67 ಮಕ್ಕಳು ಮತ್ತು ಶೇ. 57 ಮಹಿಳೆಯರು ರಕ್ತಹೀನತೆಯಿಂದ ಬಳಲುತ್ತಿದ್ದರು. ಒಂದೇ ಮನೆಯಲ್ಲಿ ತಂದೆಗೆ ಮಧುಮೇಹ, ತಾಯಿಗೆ ರಕ್ತಹೀನತೆ, ಮಗುವಿಗೆ ಹೊಟ್ಟೆ ತುಂಬಿದೆ ಆದರೆ ಪೋಷಣೆಯಿಲ್ಲ. ಐದು ರೂಪಾಯಿಯ ಪೊಟ್ಟಣ ಹೊಟ್ಟೆಯನ್ನು ತುಂಬುತ್ತದೆ, ರಕ್ತವನ್ನು ತುಂಬುವುದಿಲ್ಲ.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಮಂದಿಯನ್ನು ಒಂದೆಡೆ ಇರಿಸಿ ಒಂದು ಪ್ರಯೋಗ ನಡೆಸಿದರು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಹಜ ಆಹಾರ. ಮುಂದಿಟ್ಟ ಆಹಾರದಲ್ಲಿ ಸಕ್ಕರೆ, ಕೊಬ್ಬು, ನಾರು ಸಮವಾಗಿದ್ದವು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಸಂಸ್ಕರಿತ ಆಹಾರ ಸಿಕ್ಕ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು ಮತ್ತು ತೂಕ ಹೆಚ್ಚಿಸಿಕೊಂಡರು. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಸಾಕೆನಿಸದ ಹಾಗೆ ತಿನ್ನಿಸುವ ಆಹಾರವನ್ನು ಕೈಗಿಟ್ಟು, ಮಿತವಾಗಿ ತಿನ್ನು ಎನ್ನುವುದು ಮಗುವಿಗೆ ಮಾಡುವ ಅನ್ಯಾಯವಲ್ಲವೇ?

ಹಾಗಾದರೆ ಕೊಳ್ಳಬೇಡಿ ಎಂಬ ಉತ್ತರ

ಕಂಪೆನಿಗಳ ಪರವಾಗಿ ವಾದಿಸುವವರು ಹೇಳುವುದಿಷ್ಟು: ಯಾರೂ ನಿಮ್ಮನ್ನು ಬಲವಂತಪಡಿಸಿಲ್ಲ, ಬೇಡವಾದರೆ ಕೊಳ್ಳಬೇಡಿ. ಧಾನ್ಯದ ವ್ಯಾಪಾರಿಯೂ ಇದೇ ಮಾತನ್ನು ಹೇಳಬಹುದಿತ್ತು. ಆದರೆ ಪ್ರವಾದಿ(ಸ) ಗ್ರಾಹಕರನ್ನು ಕರೆದು, ರಾಶಿಯೊಳಗೆ ಕೈ ಹಾಕಿ ಪರೀಕ್ಷಿಸಿ ಕೊಳ್ಳಿರೆಂದು ಉಪದೇಶಿಸಲಿಲ್ಲ. ಒದ್ದೆಯನ್ನು ಮೇಲಿಡುವ ಹೊಣೆಯನ್ನು ಮಾರುವವನ ಹೆಗಲಿಗೆ ಹಾಕಿದರು. ಇದು ವೈಯಕ್ತಿಕ ಉಪದೇಶವಲ್ಲ, ಮಾರುಕಟ್ಟೆಯ ನೀತಿ.

ದಕ್ಷಿಣ ಅಮೆರಿಕದ ಚಿಲಿ ದೇಶವು 2016ರಲ್ಲಿ ಇದನ್ನೇ ಕಾನೂನಾಗಿಸಿತು. ಸಕ್ಕರೆ, ಉಪ್ಪು, ಕೊಬ್ಬು ಅಧಿಕವಿರುವ ಪೊಟ್ಟಣದ ಮುಂಭಾಗದಲ್ಲಿಯೇ ಕಪ್ಪು ಅಷ್ಟಕೋನದ ಎಚ್ಚರಿಕೆ ಇರಬೇಕು, ಅಂತಹ ವಸ್ತುವಿನ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನು ಇರಬಾರದು, ಶಾಲೆಗಳಲ್ಲಿ ಮಾರಬಾರದು. ಅನಂತರದ ಅಧ್ಯಯನದಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಶೇ. 24ರಷ್ಟು ಇಳಿದದ್ದು ಕಂಡುಬಂತು. ಅಕ್ಷರ ಬಾರದ ತಾಯಿಗೂ ಕಪ್ಪು ಗುರುತು ಅರ್ಥವಾಗುತ್ತದೆ.

ನಮ್ಮಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರವು ಮುಂದಿಟ್ಟ ಕರಡು ಎಚ್ಚರಿಕೆಯದ್ದಲ್ಲ, ನಕ್ಷತ್ರಗಳದ್ದು. ಕೆಟ್ಟ ಅಂಶಗಳಿದ್ದರೂ ಸ್ವಲ್ಪ ಬೀಜ, ಸ್ವಲ್ಪ ಸಿರಿಧಾನ್ಯ ಬೆರೆಸಿದರೆ ನಕ್ಷತ್ರ ಹೆಚ್ಚುವ ವ್ಯವಸ್ಥೆ. ಅಂದರೆ ಒದ್ದೆ ರಾಶಿಯ ಮೇಲೆ ಇನ್ನೊಂದು ಹಿಡಿ ಒಣ ಧಾನ್ಯ ಸುರಿದವನಿಗೆ ಬಹುಮಾನ! ಆರೋಗ್ಯ ಕಾರ್ಯಕರ್ತರು ಇದನ್ನು ವಿರೋಧಿಸಿದರು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಸುಪ್ರೀಂ ಕೋರ್ಟನ್ನು ತಲುಪಿತು; 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಮುಂಭಾಗದ ಗುರುತಿನ ಬಗ್ಗೆ ಮೂರು ತಿಂಗಳಲ್ಲಿ ಶಿಫಾರಸು ನೀಡುವಂತೆ ಸೂಚಿಸಿತು. ಅನಂತರ ಗಡುವು ವಿಸ್ತರಣೆಯಾಯಿತು. ಚುನಾವಣೆ ಬಂದಾಗ ನಮ್ಮ ಬಾಗಿಲಿಗೆ ಬರುವ ಅಭ್ಯರ್ಥಿಗಳಲ್ಲಿ ಒಬ್ಬರನ್ನಾದರೂ ನಾವು ಈ ಬಗ್ಗೆ ಕೇಳಿದ್ದೇವೆಯೇ? ಮಾಂಸದ ಮೇಲೆ ದಿನಗಟ್ಟಲೆ ಚರ್ಚೆ ನಡೆಸುವ ಟಿವಿ ವಾಹಿನಿಗಳು ಸಕ್ಕರೆಯ ಬಗ್ಗೆ ಎಷ್ಟು ಹೊತ್ತು ಚರ್ಚಿಸಿವೆ? ಚರ್ಚೆಯ ನಡುವೆ ಬರುವ ಜಾಹೀರಾತು ಯಾರದ್ದೆಂದು ನೋಡಿದರೆ ಉತ್ತರ ಸಿಗುತ್ತದೆ.

ಬಡವನ ತಟ್ಟೆಯ ರಾಜಕೀಯವನ್ನೂ ಮರೆಯಬಾರದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆದರೆ ಮಕ್ಕಳೇ ಮೊಟ್ಟೆ ಬೇಕೆಂದರು. ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಬಳಿಕ ಯೋಜನೆ ರಾಜ್ಯವ್ಯಾಪಿಯಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಪೌಷ್ಟಿಕಾಂಶವು ಧರ್ಮ, ಜಾತಿಗಳ ಜಗಳಕ್ಕೆ ಬಲಿಯಾಗಬಾರದೆಂಬುದಕ್ಕೆ ಇದೊಂದು ಪಾಠ. ನಮ್ಮ ಮಕ್ಕಳು ಓದುವ ಸರಕಾರಿ ಉರ್ದು, ಕನ್ನಡ ಶಾಲೆಗಳಲ್ಲಿ ಆ ಮೊಟ್ಟೆ ಸರಿಯಾಗಿ ತಲುಪುತ್ತಿದೆಯೇ ಎಂದು ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತು ವಿಚಾರಿಸುವುದು ನಮ್ಮ ಕರ್ತವ್ಯ.

ನಮ್ಮ ಅಂಗಳದ ಒದ್ದೆ ಧಾನ್ಯ

ಕಂಪೆನಿಗಳನ್ನು, ಸರಕಾರವನ್ನು ಪ್ರಶ್ನಿಸಿದ ಮೇಲೆ ಬೆರಳು ನಮ್ಮ ಕಡೆಗೂ ತಿರುಗಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ರೋಡಮೈನ್-ಬಿ ಮುಂತಾದ ಕೃತಕ ಬಣ್ಣಗಳನ್ನು ನಿಷೇಧಿಸಿತು. ಜೂನ್‌ನಲ್ಲಿ ಚಿಕನ್, ಮೀನು ಮುಂತಾದ ಕಬಾಬ್‌ಗಳಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಬಣ್ಣಗಳು ಪತ್ತೆಯಾಗಿದ್ದವು. ಕಬಾಬ್ ಗಾಡಿಗಳನ್ನು, ಹೊಟೇಲುಗಳನ್ನು ನಡೆಸುವವರಲ್ಲಿ ನಮ್ಮವರೆಷ್ಟು ಮಂದಿ ಎಂದು ನಾನು ಹೇಳಬೇಕಾಗಿಲ್ಲ. ಗೋಡೆಯ ಮೇಲೆ ಹಲಾಲ್ ಎಂಬ ಫಲಕ, ಬಾಣಲೆಯಲ್ಲಿ ನಿಷಿದ್ಧ ಬಣ್ಣ! ಇದು ಬೇರೆಯವರ ಒಣ ಧಾನ್ಯವಲ್ಲ, ನಮ್ಮದೇ. ಬಣ್ಣವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲವೆಂದು ವ್ಯಾಪಾರಿ ಹೇಳುತ್ತಾನೆ. ಆತನ ಮಾತಿನಲ್ಲಿ ಹುರುಳಿದೆ. ಆದ್ದರಿಂದ ಬಣ್ಣವಿಲ್ಲದ ಕಬಾಬ್ ಮಾರುವವನ ಬಳಿಗೇ ಹೋಗಿ ಕೊಳ್ಳುವುದು ಗಿರಾಕಿಗಳಾದ ನಮ್ಮ ಪಾಲಿನ ಹೊಣೆ. ಪ್ರಾಮಾಣಿಕ ವ್ಯಾಪಾರಿಯನ್ನು ಸೋಲಲು ಬಿಟ್ಟು ಅಪ್ರಾಮಾಣಿಕನನ್ನು ದೂರುವುದರಲ್ಲಿ ಅರ್ಥವಿಲ್ಲ.

ನಮ್ಮ ವಲೀಮಾಗಳಲ್ಲಿ ನೀರಿನ ಲೋಟದ ಸ್ಥಾನವನ್ನು ತಂಪು ಪಾನೀಯದ ಬಾಟಲಿ ಆಕ್ರಮಿಸಿದೆ. ಇಫ್ತಾರ್‌ನ ತಟ್ಟೆಯಲ್ಲಿ ಖರ್ಜೂರ ಒಂದು, ಕರಿದ ತಿಂಡಿ ಆರು. ಹಗಲೆಲ್ಲ ಸಂಯಮ ಕಲಿಸಿದ ಉಪವಾಸವು ಸಂಜೆ ಅರ್ಧ ಗಂಟೆಯಲ್ಲಿ ಸೋಲುತ್ತದೆ. ತಿನ್ನಿರಿ, ಕುಡಿಯಿರಿ, ಆದರೆ ಮಿತಿಮೀರಬೇಡಿರೆಂಬುದು ಕುರ್‌ಆನಿನ ಆದೇಶದ ಸಾರ. ಪ್ರವಾದಿ(ಸ)ಯವರ ಮನೆಯಲ್ಲಿ ಜವೆಗೋಧಿಯ ತಲ್‌ಬೀನಾ ಗಂಜಿಯಿತ್ತು. ನಮ್ಮ ನೆಲದಲ್ಲಿ ರಾಗಿಯಿದೆ, ಹೆಸರುಕಾಳಿದೆ, ನೆಲಗಡಲೆಯಿದೆ, ಕರಾವಳಿಯಲ್ಲಿ ಅಗ್ಗದ ಬೂತಾಯಿ ಮೀನಿದೆ. ಒಂದು ಡಬ್ಬಿ ಪುಡಿಯ ಬೆಲೆಗೆ ಎಷ್ಟು ಮೊಟ್ಟೆ ಬರುತ್ತದೆಂದು ಲೆಕ್ಕ ಹಾಕಿ ನೋಡಿ. ಇದು ಬಡತನದ ಆಹಾರವಲ್ಲ. ಬಡತನದ ಆಹಾರವೆಂದು ನಮ್ಮನ್ನು ನಂಬಿಸಿದ್ದೇ ಜಾಹೀರಾತಿನ ದೊಡ್ಡ ಗೆಲುವು.

ಮಾತು ಮುಗಿಸುವ ಮುನ್ನ ಕೆಲವು ಪ್ರಾಯೋಗಿಕ ಸಲಹೆಗಳು. ಒಂದು, ಸಮುದಾಯದ ಆಡಳಿತದಲ್ಲಿರುವ ಶಾಲೆ ಮತ್ತು ಮದ್ರಸಗಳು 2020ರ ಶಾಲಾ ಆಹಾರ ನಿಯಮವನ್ನು ಮೊದಲು ತಾವು ಪಾಲಿಸಲಿ. ಸಕ್ಕರೆ, ಉಪ್ಪು, ಕೊಬ್ಬು ಅಧಿಕವಿರುವ ತಿನಿಸುಗಳ ಮಾರಾಟ ಮತ್ತು ಜಾಹೀರಾತನ್ನು ಆ ನಿಯಮವು ಶಾಲಾ ಆವರಣದಲ್ಲಿಯೂ ಗೇಟಿನಿಂದ 50 ಮೀಟರ್ ವ್ಯಾಪ್ತಿಯಲ್ಲಿಯೂ ನಿಷೇಧಿಸಿದೆ. ಎರಡು, ಜಮಾಅತ್ ಕಮಿಟಿಗಳು ವಲೀಮಾ ಮತ್ತು ಇಫ್ತಾರ್‌ಗಳಲ್ಲಿ ತಂಪು ಪಾನೀಯವನ್ನು ಕೈಬಿಡುವ ನಿರ್ಧಾರ ಕೈಗೊಳ್ಳಲಿ. ಮೂರು, ವರ್ಷದಲ್ಲಿ ಒಂದೆರಡು ಜುಮಾ ಖುತ್ಬಾಗಳು ತಯ್ಯಿಬ್‌ನ ಬಗ್ಗೆ ಇರಲಿ. ನಾಲ್ಕು, ಕಾಲೇಜು ಓದುವ ಹೆಣ್ಣುಮಕ್ಕಳು, ಹುಡುಗರು ವಾರಕ್ಕೊಮ್ಮೆ ಮನೆಯ ಹಿರಿಯರಿಗೆ ಪೊಟ್ಟಣದ ಹಿಂಭಾಗವನ್ನು ಓದಿ ಹೇಳಲಿ. ಐದು, ಸುಳ್ಳು ಜಾಹೀರಾತು ಕಂಡರೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸುವ ಅವಕಾಶವಿದೆ. ಬಳಸದಿದ್ದರೆ ಕಾನೂನು ಕಾಗದದಲ್ಲಿ ಉಳಿಯುತ್ತದೆ.

ಈ ಕೆಲಸದಲ್ಲಿ ನೆರೆಯ ಹಿಂದೂ, ಕ್ರೈಸ್ತ ತಾಯಂದಿರು ನಮ್ಮ ಜೊತೆಗಾರರು. ಸಕ್ಕರೆಗೆ ಧರ್ಮವಿಲ್ಲ, ಮಧುಮೇಹಕ್ಕೂ ಇಲ್ಲ. ಆಹಾರದ ಹೆಸರಿನಲ್ಲಿ ನಮ್ಮನ್ನು ಒಡೆದವರಿಗೆ, ಆಹಾರದ ಹೆಸರಿನಲ್ಲಿಯೇ ಒಂದಾಗಿ ಉತ್ತರ ಕೊಡುವ ಅವಕಾಶ ಇಲ್ಲಿದೆ.

ಶರೀರವು ಅಲ್ಲಾಹನು ಕೊಟ್ಟ ಅಮಾನತ್ತು. ಮಕ್ಕಳ ಶರೀರ ಇನ್ನೂ ದೊಡ್ಡ ಅಮಾನತ್ತು. ನಾಳೆ ಅದರ ಲೆಕ್ಕ ಕೇಳುವಾಗ ಟಿವಿಯಲ್ಲಿ ಹಾಗೆ ಹೇಳಿದ್ದರು ಎಂಬ ಉತ್ತರ ನಮ್ಮ ನೆರವಿಗೆ ಬಾರದು. ಅನುಮತಿಸಲ್ಪಟ್ಟದ್ದನ್ನೂ ಹಿತಕರವಾದದ್ದನ್ನೂ ಉಣ್ಣುವ, ಉಣಿಸುವ, ಮಾರುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.